ಬಚಾತಾ ಹಾಡುಗಳಲ್ಲಿ ಇಷ್ಟೊಂದು ವಿರಹವಿದ್ದರೂ ಜನ ಕುಣಿಯುವುದು ಏಕೆ?

ದುಃಖವೆಲ್ಲ ಸಾಹಿತ್ಯದಲ್ಲಿದ್ದು, ತಾಳ ಮಾತ್ರ ಕುಣಿತದ್ದೇ ಆಗಿರುವುದರಿಂದ. ಕೆರಿಬಿಯನ್ ದೇಶವಾದ ಡೊಮಿನಿಕನ್ ಗಣರಾಜ್ಯದ ಈ ಸಂಗೀತಕ್ಕೆ ಹಿಂದೆ ಅಂಟಿದ್ದ ಹೆಸರೇ ‘ಅಮಾರ್ಗೆ’, ಅಂದರೆ ಕಹಿ. ಬಿಟ್ಟುಹೋದವಳನ್ನು ದೂರುವ, ಕುಡಿದು ಗೋಳಾಡುವ ಈ ಧಾಟಿಯ ಬೇರು ಬೊಲೆರೋ ಎಂಬ ನಿಧಾನಗತಿಯ ಪ್ರೇಮಗೀತೆಗಳಲ್ಲಿದೆ. ಆದರೆ ಗಾಯಕನ ಬೆನ್ನ ಹಿಂದೆ ನಡೆಯುವುದೇ ಬೇರೆ. ಬೊಂಗೊ ಎಂಬ ಪುಟ್ಟ ಜೋಡಿ ಡೋಲು ತಾಳ ಹಿಡಿದಿರುತ್ತದೆ. ಪಕ್ಕದಲ್ಲೊಬ್ಬ ಗ್ವಿರಾ ಎಂಬ, ತುರಿಮಣೆಯಂತೆ ಒರಟಾದ ಲೋಹದ ಕೊಳವೆಯನ್ನು ತಂತಿಯ ಕಡ್ಡಿಗಳಿಂದ ಬಿಡುವಿಲ್ಲದೆ ಕೆರೆಯುತ್ತಿರುತ್ತಾನೆ. ಮೂರು ಹೆಜ್ಜೆ, ನಾಲ್ಕನೆಯದಕ್ಕೆ ಸೊಂಟದ ಒಂದು ಕುಲುಕು. ಗಾಯಕನ ಗಂಟಲು ಕಟ್ಟಿದರೂ ಗ್ವಿರಾಕ್ಕೆ ಕನಿಕರವಿಲ್ಲ!

ಬೆಳೆದ ಜಾಗವೂ ಅಂಥದ್ದೇ. 1962ರಲ್ಲಿ ಗಾಯಕ ಹೊಸೆ ಮನ್ವೆಲ್ ಕಾಲ್ದೆರೋನ್ ಇದನ್ನು ಮೊದಲ ಬಾರಿಗೆ ಧ್ವನಿಮುದ್ರಿಸಿದರು. ಹಳ್ಳಿ ಬಿಟ್ಟು ರಾಜಧಾನಿ ಸಾಂತೊ ದೊಮಿಂಗೊಗೆ ಬಂದ ಬಡವರು ಬಾರುಗಳಲ್ಲಿ, ಹಿತ್ತಿಲುಗಳಲ್ಲಿ ಹತ್ತು ಜನರ ನಡುವೆ ಕೇಳಿದ ಸಂಗೀತವಿದು. ಎದೆಯೊಡೆದವನಿಗೆ ಅಲ್ಲಿ ತೋಳು ಹಿಡಿದು ಹೆಜ್ಜೆ ಹಾಕಲು ಇನ್ನೊಬ್ಬರು ಸಿಗುತ್ತಿದ್ದರು. ನನ್ನ ಮಟ್ಟಿಗೆ ಗಾಯ ಮಾಯುವುದು ಸಾಹಿತ್ಯಕ್ಕಿಂತ ಈ ಜೊತೆಯಿಂದಲೇ. ಮರ್ಯಾದಸ್ಥರು ಬಹಳ ಕಾಲ ಮೂಗು ಮುರಿದರು. 2019ರಲ್ಲಿ ಯುನೆಸ್ಕೊ ಇದೇ ಕುಣಿತ-ಹಾಡನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.