ಹೆಸರು ಬದಲಿಸಿದರೆ ವಿಡಿಯೊ ಬದಲಾಗಲ್ಲ

ಎಂಕೆವಿ ಫೈಲಿನ ಹೆಸರಿನ ಕೊನೆಯನ್ನು ಎಂಪಿ4 ಅಂತ ತಿದ್ದಿದರೂ ಟಿವಿಯಲ್ಲಿ ಯಾಕೆ ಓಡುತ್ತಿಲ್ಲ ಎಂದು ಕೇಳಿದ್ದೀರಿ. ಮೊದಮೊದಲು ನಾನೂ ಇದನ್ನೇ ಮಾಡಿದ್ದೆ! ಎಂಕೆವಿ, ಎಂಪಿ4 ಎರಡೂ ವಿಡಿಯೊ, ಆಡಿಯೊ ತುಂಬಿಡುವ ಬರೀ ಡಬ್ಬಿಗಳು. ನೀವು ಮಾಡಿದ್ದು ಡಬ್ಬಿಯ ಮೇಲಿನ ಚೀಟಿ ಬದಲಿಸಿದ ಹಾಗೆ, ಅಷ್ಟೇ. ಒಳಗಿನ ವಿಡಿಯೊ ಯಾವ ಕೋಡೆಕ್‌ನಲ್ಲಿದೆ, ಅಂದರೆ ಯಾವ ವಿಧಾನದಲ್ಲಿ ಕುಗ್ಗಿಸಿಟ್ಟಿದೆ ಅನ್ನೋದು ಮುಖ್ಯ. ವಿಎಲ್‌ಸಿ ಪ್ಲೇಯರ್‌ನಲ್ಲಿ ಫೈಲ್ ತೆರೆದು ಕೋಡೆಕ್ ಮಾಹಿತಿ ನೋಡಿ.

ಎಚ್.264 ಕೋಡೆಕ್ ಇದ್ದರೆ, ವಿಡಿಯೊ ಫೈಲ್ ಬದಲಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಕಾಪಿ ಆಯ್ಕೆ ಕೊಟ್ಟು ಡಬ್ಬಿ ಮಾತ್ರ ಬದಲಿಸಿ. ಬೇಗ ಮುಗಿಯುತ್ತದೆ, ಗುಣಮಟ್ಟ ಒಂಚೂರೂ ಕೆಡುವುದಿಲ್ಲ. 2013ರಲ್ಲಿ ಬಂದ ಎಚ್.265 ಕೋಡೆಕ್ ಆಗಿದ್ದು ಟಿವಿ ಹಳೆಯದಾದರೆ, ವಿಡಿಯೊವನ್ನೇ ಎಚ್.264ಗೆ ಪೂರ್ತಿ ಮತ್ತೆ ಎನ್‌ಕೋಡ್ ಮಾಡಬೇಕು. ಅದಕ್ಕೆ ಸಮಯ ಜಾಸ್ತಿ, ಗುಣಮಟ್ಟವೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಮೂಲ ಫೈಲ್ ಅಳಿಸಬೇಡಿ.

ಚಿತ್ರ ಬಂದು ಧ್ವನಿ ಮಾತ್ರ ಬರದಿದ್ದರೆ, ಆಡಿಯೊವನ್ನು ಎಎಸಿ ಎಂಬ ಆಡಿಯೊ ಕೋಡೆಕ್‌ಗೆ ಬದಲಿಸಿ ನೋಡಿ.