ಟಿವಿಗೆ ವೈಫೈ ಹಿಡಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಡೊಂಬಿವಲಿಯ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದ್ದೇವೆ. ರೂಟರ್ ಬಾಗಿಲ ಪಕ್ಕದಲ್ಲಿದೆ. ಮೊಬೈಲಿನಲ್ಲಿ ಎರಡು ಹೆಸರು ಕಾಣುತ್ತವೆ, ಹಳೆಯ ಸ್ಮಾರ್ಟ್ ಟಿವಿಯಲ್ಲಿ ಮಾತ್ರ ‘5ಜಿ’ ಎಂದಿರುವ ಹೆಸರು ಬರುವುದೇ ಇಲ್ಲ. ಇನ್ನೊಂದಕ್ಕೆ ಜೋಡಿಸಿದರೆ ರಾತ್ರಿ ಹೊತ್ತು ಸಿನಿಮಾ ನಿಂತು ನಿಂತು ಓಡುತ್ತದೆ. ಹೊಸ ಟಿವಿ ಕೊಳ್ಳಬೇಕೇ?

ಉತ್ತರ: ಖಂಡಿತ ಬೇಡ. ‘5ಜಿ’ ಹೆಸರಿನದು 5 ಗಿಗಾಹರ್ಟ್ಸ್ ಬ್ಯಾಂಡ್ (ವೈಫೈ ಓಡುವ ರೇಡಿಯೊ ತರಂಗಗಳ ಪಟ್ಟಿ), ಇನ್ನೊಂದು 2.4. ಟಿವಿಯ ಕೈಪಿಡಿಯಲ್ಲಿ ವೈಫೈ ಸಾಲು ನೋಡಿ. ಬರೀ 802.11 ಬಿ/ಜಿ/ಎನ್ ಎಂದಿದ್ದರೆ ಅದು ಬಹುಮಟ್ಟಿಗೆ 2.4 ಮಾತ್ರ ಹಿಡಿಯುವ ಟಿವಿ. ಎ ಅಥವಾ ಎಸಿ ಎಂದೂ ಇದ್ದರೆ 5 ಗಿಗಾಹರ್ಟ್ಸ್ ಸಿಗಲೇಬೇಕು. ಆಗ ತೊಂದರೆ ಚಾನೆಲ್‌ನದು, ಅಂದರೆ ಆ ಬ್ಯಾಂಡಿನೊಳಗೆ ರೂಟರ್ ಬಳಸುವ, ಸಂಖ್ಯೆ ಕೊಟ್ಟ ಓಣಿಯದು. ರೂಟರ್ ತಾನಾಗಿ 52ರಿಂದ 144ರ ನಡುವಿನ ಚಾನೆಲ್ ಆರಿಸಿಕೊಂಡಿದ್ದರೆ ಕೆಲವು ಟಿವಿಗಳಿಗೆ ಅದು ಕಾಣಿಸುವುದಿಲ್ಲ. ರೂಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು ಮೊಬೈಲ್ ಬ್ರೌಸರಿನಲ್ಲಿ ತೆರೆದು, ಲಾಗಿನ್ ಆಗಿ, ಚಾನೆಲನ್ನು ‘ಆಟೋ’ದಿಂದ 36ಕ್ಕೆ ಬದಲಿಸಿ. ಅಲ್ಲೇ ಸೆಕ್ಯುರಿಟಿಯನ್ನೂ (ವೈಫೈ ಬೀಗದ ಬಗೆ) ನೋಡಿ: ಹೊಸ ಬಗೆಯ ಡಬ್ಲ್ಯುಪಿಎ3 ಒಂದೇ ಇದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಹಳೆಯ ಟಿವಿ ಸೇರುವುದಿಲ್ಲ, ಡಬ್ಲ್ಯುಪಿಎ2 ಇಡಿ.

ರಾತ್ರಿಯ ತೊಡಕಿಗೆ ಕಾರಣ ಅಕ್ಕಪಕ್ಕದ ಫ್ಲ್ಯಾಟುಗಳು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಊಟದ ಹೊತ್ತಿಗೆ ಇಡೀ ಸೊಸೈಟಿ ಇವನ್ನೇ ಹಂಚಿಕೊಳ್ಳುತ್ತದೆ. ವೈಫೈ ಅನಲೈಸರ್ ಆ್ಯಪಿನಲ್ಲಿ ಮೂರರಲ್ಲಿ ಯಾವುದು ಖಾಲಿ ಎಂದು ರಾತ್ರಿಯೇ ನೋಡಿ ಅದನ್ನು ಕೊಡಿ. ಬ್ಯಾಂಡ್‌ವಿಡ್ತ್, ಅಂದರೆ ಚಾನೆಲಿನ ಅಗಲ, 20 ಮೆಗಾಹರ್ಟ್ಸ್ ಇರಲಿ, 40 ಬೇಡ. ರೂಟರ್ ಕಬ್ಬಿಣದ ಕಪಾಟಿನ ಹಿಂದೆ ಅಡಗಿದ್ದರೆ ಹೊರಗೆ, ಎತ್ತರದಲ್ಲಿಡಿ.

ಇಷ್ಟಾದರೂ ನಮ್ಮ ಮೊದಲ ಸಲಹೆ ರೂಟರಿನಿಂದ ಟಿವಿಗೆ ನೇರವಾಗಿ ಎಳೆಯುವ ಲ್ಯಾನ್ ಕೇಬಲ್ಲೇ. ಟಿವಿ ಎಲ್ಲಿಗೂ ಕದಲುವ ವಸ್ತುವಲ್ಲ, ಅದಕ್ಕೆ ಗಾಳಿಯ ಸಂಪರ್ಕವೇ ಬೇಕೆಂದಿಲ್ಲ. ಕ್ಯಾಟ್ 6 ಕೇಬಲನ್ನು ಗೋಡೆಯಂಚಿಗೆ ಕೇಸಿಂಗ್ ಪಟ್ಟಿಯಲ್ಲಿ ಎಳೆಸಿ. 100 ಮೀಟರ್‌ವರೆಗೂ ತೊಂದರೆಯಿಲ್ಲ. ಶುದ್ಧ ತಾಮ್ರದ್ದೇ ಕೇಳಿ, ತಾಮ್ರ ಲೇಪಿಸಿದ ಅಲ್ಯುಮಿನಿಯಂ ತಂತಿ ಬಗ್ಗಿಸಿದಲ್ಲಿ ಬೇಗ ಮುರಿಯುತ್ತದೆ. ಹೆಚ್ಚಿನ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು. 4ಕೆ ಸಿನಿಮಾಕ್ಕೆ ನೆಟ್‌ಫ್ಲಿಕ್ಸ್ ಹೇಳುವುದು 15, ಹಾಗಾಗಿ ಧಾರಾಳವಾಯಿತು.

ಪ್ರಶ್ನೆ: ಮಡಗಾಂವದಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ಟಿವಿ ‘ವೈಫೈ ಸೇರಿದೆ, ಇಂಟರ್ನೆಟ್ ಇಲ್ಲ’ ಎನ್ನುತ್ತದೆ. ಮೊಬೈಲಿನಲ್ಲಿ ನೆಟ್ ಸರಿಯಿದೆ.

ಉತ್ತರ: ಮೊದಲು ಟಿವಿಯ ದಿನಾಂಕ ನೋಡಿ. ಕರೆಂಟ್ ಹೋದಾಗ ಕೆಲವು ಟಿವಿಗಳ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ತಪ್ಪು ದಿನಾಂಕವಿದ್ದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ಅಸಿಂಧುವೆನಿಸಿ ಆ್ಯಪುಗಳು ತೆರೆಯುವುದಿಲ್ಲ. ‘ಆಟೋ’ ತೆಗೆದು ದಿನಾಂಕ, ಸಮಯ ಕೈಯಿಂದ ಹಾಕಿ. ನೆಟ್ ಬಂದ ಮೇಲೆ ಮತ್ತೆ ‘ಆಟೋ’ ಮಾಡಿ. ದಿನಾಂಕ ಸರಿಯಿದ್ದರೆ, ಫೈಬರ್ ಲೈನ್ ಏಳುವ ಮೊದಲೇ ಟಿವಿ ಎದ್ದಿದೆ ಎಂದರ್ಥ. ರೂಟರಿನ ಇಂಟರ್ನೆಟ್ ದೀಪ ಹಸಿರಾಗಿ ನಿಂತ ಮೇಲೆ ಟಿವಿಯ ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಹಾಕಿ. ರಿಮೋಟಿನಿಂದ ಆರಿಸಿದರೆ ಸಾಲದು, ಟಿವಿ ಸ್ಟ್ಯಾಂಡ್‌ಬೈನಲ್ಲೇ ಉಳಿದಿರುತ್ತದೆ. ರೂಟರಿಗೊಂದು 12 ವೋಲ್ಟ್‌ನ ಚಿಕ್ಕ ಯುಪಿಎಸ್ ಹಾಕಿದರೆ ಲೈನ್ ಬೀಳುವುದೇ ತಪ್ಪುತ್ತದೆ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಹೊಂದಿಸಿಯೇ ಕೊಳ್ಳಿ.