ಫಾರ್ಮ್ಯಾಟ್ ಮಾಡಿಸೋಕೆ ಮುಂಚೆ ಇದನ್ನ ಓದಿ

ಸರ್, ವಿಂಡೋಸ್ 10 ಲೋಗೋದಲ್ಲೇ ನಿಂತೋಗ್ತಿದೆ, ಮಗಳ ಫೋಟೋ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಫೈಲ್ ಎಲ್ಲಾ ಸಿ ಡ್ರೈವ್‌ನಲ್ಲೇ ಇದೆ, ಅಂಗಡಿಯವ್ರು ಫಾರ್ಮ್ಯಾಟ್ ಮಾಡ್ಬೇಕು ಅಂತಿದಾರೆ ಅಂತ ಕೇಳಿದೀರಲ್ಲ, ದಯವಿಟ್ಟು ಈಗ್ಲೇ ಒಪ್ಕೋಬೇಡಿ. ವಿಂಡೋಸ್ ಕೆಟ್ಟಿದೆ ಅಂದ್ರೆ ಫೈಲ್ ಹೋಯ್ತು ಅಂತಲ್ಲ.

ಮೊದಲು ಬೇರೆ ಕಂಪ್ಯೂಟರಲ್ಲಿ ಉಬುಂಟು (ವಿಂಡೋಸ್ ಬದಲು ಬಳಸೋ ಉಚಿತ ಆಪರೇಟಿಂಗ್ ಸಿಸ್ಟಮ್) ಪೆನ್‌ಡ್ರೈವ್ ಮಾಡ್ಕೊಳ್ಳಿ, ಅದ್ರಿಂದ ನಿಮ್ಮ ಕಂಪ್ಯೂಟರ್ ಬೂಟ್ (ಸ್ಟಾರ್ಟ್) ಮಾಡಿ, ಇನ್‌ಸ್ಟಾಲ್ ಒತ್ತದೆ ಟ್ರೈ ಉಬುಂಟು ಕೊಡಿ, ಸಿ ಡ್ರೈವ್ ತೆಗೆದು ಯೂಸರ್ಸ್ ಫೋಲ್ಡರ್ ಪೂರ್ತಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಆಮೇಲೆ ನಾಲ್ಕು ಫೋಟೋ ಓಪನ್ ಮಾಡಿ ನೋಡಿ. ಕೀ ಕೇಳಿದ್ರೆ ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದೆ ಅಂತ, 48 ಅಂಕಿಯ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರುತ್ತೆ, ಫೋನಿಂದ ಲಾಗಿನ್ ಆಗಿ ಹುಡುಕಿ.

ಕಾಪಿ ಆದ್ಮೇಲೆ ಮಾತ್ರ ರೀಸೆಟ್‌ಗೆ ಹೋಗಿ. ಎರಡ್ಮೂರು ಸಲ ಬೂಟ್ ಫೇಲ್ ಆದ್ರೆ ರಿಪೇರಿ ಸ್ಕ್ರೀನ್ ತಾನಾಗೇ ಬರುತ್ತೆ, ಟ್ರಬಲ್‌ಶೂಟ್, ರೀಸೆಟ್ ದಿಸ್ ಪಿಸಿ, ಕೀಪ್ ಮೈ ಫೈಲ್ಸ್. ಫೈಲ್ ಉಳಿಯುತ್ತೆ, ಹಾಕಿದ್ದ ಸಾಫ್ಟ್‌ವೇರ್ ಹೋಗುತ್ತೆ. ಅದೂ ಆಗ್ಲಿಲ್ಲ ಅಂದ್ರೆ ವಿಂಡೋಸ್ ಇನ್‌ಸ್ಟಾಲರ್ ಹಾಕಿದ 8 ಜಿಬಿ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿ, ಕಸ್ಟಮ್ ಆರಿಸಿ, ಹಳೇ ಪಾರ್ಟಿಶನ್ನನ್ನ (ವಿಂಡೋಸ್ ಇರೋ ಡಿಸ್ಕ್ ಭಾಗ) ಡಿಲೀಟ್, ಫಾರ್ಮ್ಯಾಟ್ ಎರಡೂ ಮಾಡ್ಬೇಡಿ, ಹಳೇದೆಲ್ಲ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರಲ್ಲಿ ಸಿಗುತ್ತೆ, ಆದ್ರೆ ಅದು ಸ್ವಲ್ಪ ದಿನ ಆದ್ಮೇಲೆ ಅಳಿಸಿಹೋಗುತ್ತೆ, ಬೇಗ ತೆಕ್ಕೊಳ್ಳಿ.

ನುಡಿ ಫೈಲು ಆಮೇಲೆ ಇಂಗ್ಲಿಷ್ ಅಕ್ಷರದ ಗೋಜಲು ಥರ ಕಂಡ್ರೆ ಗಾಬರಿ ಬೇಡ, ಫೈಲ್ ಕೆಟ್ಟಿರಲ್ಲ, ಫಾಂಟ್ ಹೋಗಿರುತ್ತೆ, ನುಡಿ ಮತ್ತೆ ಹಾಕಿದ್ರೆ ಸರಿಹೋಗುತ್ತೆ. ಬಿಟ್‌ಲಾಕರ್ ಕೀ ಕೇಳ್ತಾ ಅಂತ ಇಲ್ಲೇ ತಿಳ್ಸಿ, ಮುಂದಿನದು ಹೇಳ್ತೀನಿ.